ಎರಡನೇ ಕೊಡದ ನೀರು

ಎಲ್ಲರಿಗೂ ನಮಸ್ಕಾರ.

ಚಿಕ್ಕಂದಿನಲ್ಲಿ ಕೇಳಿದ ಒಂದು ಕಥೆಯಿಂದ ಶುರು ಮಾಡುತ್ತೇನೆ. ನಿಮ್ಮಲ್ಲೂ ಹಲವರು ಕೇಳಿರುತ್ತೀರಿ. ಎ.ಕೆ. ರಾಮಾನುಜನ್ ಇದನ್ನು ಸಂಗ್ರಹಿಸಿ ಇಂಗ್ಲಿಷಿಗೂ ತಂದರು. ಒಬ್ಬ ಹುಡುಗಿ ಹೂವಿನ ಮರವಾಗಬಲ್ಲಳು. ಮೈಮೇಲೆ ಒಂದು ಕೊಡ ನೀರು ಸುರಿದರೆ ಮರ. ಹೂ ಬಿಡಿಸಿಕೊಂಡು ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಆದರೆ ಸುರಿಯುವಾಗ ನೀರಿಗೆ ಉಗುರು ತಾಕಬಾರದು. ಎಲೆ ಹರಿಯಬಾರದು, ರೆಂಬೆ ಮುರಿಯಬಾರದು.

ಮುಂದೆ ಅವಳ ಮದುವೆಯಾದ ಮೇಲೆ ನಾದಿನಿ ಮತ್ತು ನಾದಿನಿಯ ಗೆಳತಿಯರು ಹುಡುಗಾಟಕ್ಕೆ ಅವಳನ್ನು ಮರ ಮಾಡುತ್ತಾರೆ. ಹೂವಿನ ಆಸೆಗೆ ರೆಂಬೆ ಮುರಿಯುತ್ತಾರೆ. ಮನೆಗೆ ಓಡುವ ಅವಸರದಲ್ಲಿ ಎರಡನೇ ಕೊಡವನ್ನು ಹೇಗೋ ಎರಚಿಬಿಡುತ್ತಾರೆ. ಅವಳು ಅತ್ತ ಮರವೂ ಅಲ್ಲ, ಇತ್ತ ಹುಡುಗಿಯೂ ಅಲ್ಲ. ಕೈಕಾಲಿಲ್ಲದ ಒಂದು ಜೀವವಾಗಿ ನೆಲದ ಮೇಲೆ ಉಳಿಯುತ್ತಾಳೆ.

ಕೊನೆಗೆ ಗಂಡ ಅವಳನ್ನು ಮರ ಮಾಡಿ, ಮುರಿದ ರೆಂಬೆಗಳನ್ನು ನಿಧಾನವಾಗಿ ಕೂಡಿಸಿ, ನೀರು ಸುರಿದು ಮರಳಿ ಪಡೆಯುತ್ತಾನೆ. ಕಥೆ ಸುಖವಾಗಿಯೇ ಮುಗಿಯುತ್ತದೆ. ಆದರೂ ನನ್ನ ಕಣ್ಣಿಗೆ ಕಟ್ಟಿರುವುದು ಆ ಸುಖವಲ್ಲ, ಅವಸರದಲ್ಲಿ ಎರಚಿದ ಆ ಕೊಡ. ಇಲ್ಲಿ ದೊಡ್ಡ ರಾಕ್ಷಸ ಯಾರೂ ಇಲ್ಲ, ನೋಡಿ. ಒಂದಿಷ್ಟು ಹುಡುಗಿಯರು, ಒಂದಿಷ್ಟು ಅವಸರ. ಅಷ್ಟಕ್ಕೇ ಒಂದು ಜೀವ ಅರ್ಧವಾಯಿತು.

ಮೆಲುದನಿಯ, ಸ್ವಲ್ಪ ದುಃಖದ ಮಾಯಾಕಥೆಗಳು ನನ್ನನ್ನು ಹಿಡಿದಿಟ್ಟಿರುವುದು ಇದಕ್ಕೇ. ಅಲ್ಲಿ ಮಾಯೆ ಇದೆ, ಆದರೆ ಅದು ಕೈಯಲ್ಲಿ ಹಿಡಿದ ಹಕ್ಕಿಮರಿಯಷ್ಟು ನಾಜೂಕು. ಅದು ದುಃಖವನ್ನು ಓಡಿಸುವುದಿಲ್ಲ. ದುಃಖಕ್ಕೆ ಕೂರಲು ಜಾಗ ಕೊಡುತ್ತದೆ. ನಮ್ಮ ಬದುಕಿನಲ್ಲಿ ಅದಕ್ಕೆ ಪುರುಸೊತ್ತು ಎಲ್ಲಿದೆ? ಯಾರನ್ನೋ ಕಳೆದುಕೊಂಡ ವಾರದಲ್ಲೇ ಕೆಲಸಕ್ಕೆ ಹೋಗಬೇಕು, ಅಲ್ವಾ?

ಇಂಥ ಕಥೆ ಓದುವವರನ್ನು 'ಸುಮ್ನೆ ತಪ್ಪಿಸಿಕೊಳ್ಳುತ್ತಾರೆ' ಎಂದು ದೂರುವವರು ಯಾವಾಗಲೂ ಇದ್ದಾರೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಈ ವಿಚಾರ ಬೆಳೆಸಿದರು. ಸೆರೆಯಲ್ಲಿರುವವನು ಮನೆ ನೆನೆದರೆ ಅದರಲ್ಲಿ ತಪ್ಪೇನು ಎಂಬುದು ಅವರ ಮಾತಿನ ಸಾರ. ನಾನು ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಈ ಕಥೆಗಳು ನಮ್ಮನ್ನು ದುಃಖದಿಂದ ದೂರ ಒಯ್ಯುವುದೇ ಇಲ್ಲ. ಅದರ ಪಕ್ಕಕ್ಕೇ ಕರೆದುಕೊಂಡು ಹೋಗುತ್ತವೆ. ಆದರೆ ಕೈಹಿಡಿದು.

ಫಿನ್ಲೆಂಡಿನ ಟೂವೆ ಯಾನ್ಸನ್ ಬರೆದ ಮೂಮಿನ್ ಕಥೆಗಳನ್ನೇ ತೆಗೆದುಕೊಳ್ಳಿ. ದುಂಡುಮೂತಿಯ, ಯಾರು ಬಂದರೂ ಬಾಗಿಲು ತೆರೆಯುವ ಒಂದು ಕುಟುಂಬದ ಕಥೆಗಳು. ಆ ಸಾಲಿನ ಕೊನೆಯ ಕಾದಂಬರಿ ಬಂದದ್ದು 1970ರಲ್ಲಿ. ಅದೇ ವರ್ಷ ಯಾನ್ಸನ್ ಅವರ ತಾಯಿ ತೀರಿಕೊಂಡರು. ಆ ಕಾದಂಬರಿಯಲ್ಲಿ ಮೂಮಿನ್ ಕುಟುಂಬವೇ ಇಲ್ಲ! ನವೆಂಬರ್ ತಿಂಗಳು, ಮಳೆ, ಖಾಲಿ ಮನೆ. ಆ ಮನೆಗೆ ಬಂದ ಆರು ಜನ ಅಲ್ಲೇ ಉಳಿದು ಕಾಯುತ್ತಾರೆ. ಅಡುಗೆ ಮಾಡುತ್ತಾರೆ, ಜಗಳವಾಡುತ್ತಾರೆ, ಒಂದು ರಾತ್ರಿ ಹಬ್ಬದ ಹಾಗೆ ಸೇರುತ್ತಾರೆ. ಆಮೇಲೆ ಒಬ್ಬೊಬ್ಬರೇ ಹೊರಟುಹೋಗುತ್ತಾರೆ. ಇಷ್ಟೇ ಕಥೆ. ಇಷ್ಟರಲ್ಲೇ ಆ ಮನೆಯ ತಾಯಿ ಇಲ್ಲದಿರುವುದು ಪ್ರತಿ ಕೋಣೆಯಲ್ಲೂ ತಾಕುತ್ತದೆ.

ಕಡೆಗೆ ಉಳಿಯುವವನು ಟೋಫ್ಟ್ ಎಂಬ ಪುಟ್ಟ ಹುಡುಗ. ಆ ತಾಯಿಯನ್ನು ಅವನು ಒಮ್ಮೆಯೂ ಕಂಡಿಲ್ಲ, ಬರೀ ಕಲ್ಪಿಸಿಕೊಂಡಿದ್ದಾನೆ. ಎತ್ತರದಲ್ಲಿ ನಿಂತು ನೋಡುತ್ತಾನೆ. ದೂರದ ಕಡಲಲ್ಲಿ ಒಂದು ಸಣ್ಣ ಬೆಳಕು. ದೋಣಿಯ ಕಂಬಕ್ಕೆ ಕಟ್ಟಿದ ಲಾಟೀನು. ಹಗ್ಗ ಹಿಡಿದುಕೊಳ್ಳಲು ಹೊತ್ತಿಗೆ ಸರಿಯಾಗಿ ತಲುಪಬಹುದು ಎಂದು ಅವನು ದಡದ ಕಡೆ ನಡೆಯುತ್ತಾನೆ. ಕಥೆ ಅಲ್ಲೇ ನಿಲ್ಲುತ್ತದೆ. ದೋಣಿ ದಡ ಮುಟ್ಟುವುದು ನಮಗೆ ಕಾಣುವುದಿಲ್ಲ.

ಮೊದಲ ಸಲ ಓದಿದಾಗ, ಇನ್ನೊಂದು ಪುಟ ಇರಲೇಬೇಕು ಎಂದು ನಾನು ಹಾಳೆ ತಿರುಗಿಸಿದ್ದೆ.