ಬೆಳಕಿನ ಸಂವೇದಕದ ಗುಣ ಅಡಗಿರುವುದು ಕಣದ ಮೇಲ್ಮೈಯಲ್ಲಿ

[ತೆರೆಯ ಮೇಲೆ: ಕತ್ತಲಲ್ಲಿಟ್ಟ ಸಂವೇದಕ, ಪಕ್ಕದಲ್ಲಿ ಅದರ ವಿದ್ಯುತ್ ಪ್ರವಾಹದ ರೇಖೆ]

ನಮಸ್ಕಾರ. ಬೆಳಕು ಬಿದ್ದಾಗ ಸಂವೇದಕ ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದನ್ನೇ ಎಲ್ಲರೂ ಮೊದಲು ನೋಡುತ್ತಾರೆ. ಆದರೆ ಬೆಳಕೇ ಇಲ್ಲದಾಗ ಹರಿಯುವ ಕತ್ತಲ ಪ್ರವಾಹ ಹೆಚ್ಚಿದ್ದರೆ ಕ್ಷೀಣವಾದ ಬೆಳಕಿನ ಸುಳಿವು ಆ ಗದ್ದಲದಲ್ಲಿ ಮುಳುಗಿಹೋಗುವುದರಿಂದ, ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದರ ಕುರಿತದ್ದೇ. ಅದರ ಉತ್ತರ ಹುಡುಕಲು ಸಂವೇದಕದೊಳಗಿನ ಕಣಗಳ ಮೇಲ್ಮೈಯನ್ನು ನೋಡಬೇಕು.

ಸಿಲಿಕಾನ್‌ನ ಶಕ್ತಿ ಅಂತರ, ಅಂದರೆ ಅದರಲ್ಲಿ ಎಲೆಕ್ಟ್ರಾನ್ ಬಿಡುಗಡೆಯಾಗಲು ಬೇಕಾದ ಕನಿಷ್ಠ ಶಕ್ತಿ, 1.12 ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಅಷ್ಟು ಶಕ್ತಿಯಿಲ್ಲದ, ಸುಮಾರು 1100 ನ್ಯಾನೊಮೀಟರ್‌ಗಿಂತ ಉದ್ದದ ತರಂಗಗಳು ಅದಕ್ಕೆ ಕಾಣುವುದಿಲ್ಲ. ಅದರಾಚೆಯ ಅವಕೆಂಪು ಬೆಳಕನ್ನು ಹಿಡಿಯಲು ಸೀಸದ ಸಲ್ಫೈಡ್‌ನ ಕ್ವಾಂಟಮ್ ಚುಕ್ಕೆಗಳನ್ನು, ಅಂದರೆ ಕೆಲವೇ ನ್ಯಾನೊಮೀಟರ್ ಗಾತ್ರದ ಅರೆವಾಹಕ ಕಣಗಳನ್ನು, ಬಳಸಬಹುದು. ಕಣದ ಗಾತ್ರ ಬದಲಿಸಿದರೆ ಅದು ಹೀರುವ ತರಂಗಾಂತರವೂ ಬದಲಾಗುತ್ತದೆ. ಇಂತಹ ಚುಕ್ಕೆಗಳ ಶೋಧ ಮತ್ತು ತಯಾರಿಕೆಗಾಗಿಯೇ ಬಾವೆಂಡಿ, ಬ್ರಸ್ ಮತ್ತು ಎಕಿಮೊವ್ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

[ತೆರೆಯ ಮೇಲೆ: ಕಣ ಮತ್ತು ಅದನ್ನು ಸುತ್ತುವರಿದ ಅಣುಗಳು]

ಕೆಲವೇ ನ್ಯಾನೊಮೀಟರ್ ಗಾತ್ರದ ಕಣದಲ್ಲಿ ಪರಮಾಣುಗಳ ದೊಡ್ಡ ಪಾಲು ಮೇಲ್ಮೈಯಲ್ಲೇ ಇರುತ್ತದೆ. ತಯಾರಿಕೆಯ ವೇಳೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವುದು 18 ಇಂಗಾಲದ ಉದ್ದ ಸರಪಳಿಯ ಓಲಿಯಿಕ್ ಆಮ್ಲ. ದ್ರಾವಣದಲ್ಲಿ ಅಷ್ಟು ಉಪಕಾರಿಯಾದ ಇದೇ ಅಣು, ಕಣಗಳನ್ನು ಪದರವಾಗಿ ಹರಡಿದಾಗ ಅವಾಹಕವಾಗಿ ನಿಂತು, ಎಲೆಕ್ಟ್ರಾನ್ ಒಂದು ಕಣದಿಂದ ಇನ್ನೊಂದಕ್ಕೆ ದಾಟುವುದನ್ನು ತಡೆಯುತ್ತದೆ. ಆದ್ದರಿಂದ ಅದನ್ನು ತೆಗೆದು ಎರಡೇ ಇಂಗಾಲಗಳ ಈಥೇನ್‌ಡೈಥಯಾಲ್ ಅಥವಾ ಅಯೋಡೈಡ್ ಅಯಾನುಗಳನ್ನು ಕೂರಿಸುತ್ತಾರೆ. ಆಗ ಕಣಗಳು ಹತ್ತಿರ ಸರಿದು ಪದರ ಕುಗ್ಗುತ್ತದೆ, ಬಿರುಕೂ ಬಿಡುತ್ತದೆ. ಹೀಗಾಗಿ ತೆಳು ಪದರಗಳನ್ನು ಒಂದರ ಮೇಲೊಂದರಂತೆ ಹಾಕಿ ಬಿರುಕುಗಳನ್ನು ತುಂಬುವ ಕ್ರಮ ಬಳಕೆಗೆ ಬಂತು.

ಅಯೋಡೈಡ್‌ನ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಬಂಧ ಪೂರ್ಣಗೊಳ್ಳದ ಸೀಸದ ಪರಮಾಣುಗಳಿಗೆ ಅದು ಜೋಡಿಯಾಗುವುದರಿಂದ, ಎಲೆಕ್ಟ್ರಾನ್‌ಗಳನ್ನು ಹಿಡಿದಿಡುವ ಬಲೆಗಳು ಕಡಿಮೆಯಾಗುತ್ತವೆ ಮತ್ತು ಗಾಳಿಯ ಆಮ್ಲಜನಕದಿಂದ ಮೇಲ್ಮೈ ಕೆಡುವುದೂ ನಿಧಾನವಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಬಲೆಗಳೆಲ್ಲವೂ ಕೆಟ್ಟವಲ್ಲ. ಬೆಳಕು ಬಿದ್ದಾಗ ವಾಹಕತೆ ಹೆಚ್ಚುವ ಸಂವೇದಕವಾದ ದ್ಯುತಿವಾಹಕದಲ್ಲಿ ಒಂದು ಬಗೆಯ ವಿದ್ಯುದಾವೇಶ ವಾಹಕ (ಎಲೆಕ್ಟ್ರಾನ್ ಅಥವಾ ಅದು ಬಿಟ್ಟುಹೋದ ಖಾಲಿ ಜಾಗವಾದ ರಂಧ್ರ) ಬಲೆಯಲ್ಲಿ ಸಿಕ್ಕಿರುವಷ್ಟು ಹೊತ್ತು ಇನ್ನೊಂದು ಬಗೆಯದು ಮಂಡಲದಲ್ಲಿ ಹಲವು ಬಾರಿ ಸುತ್ತಿ ಸಂಕೇತವನ್ನು ವರ್ಧಿಸುತ್ತದೆ. ಆದರೆ ಅದೇ ಕಾರಣಕ್ಕೆ ಸಂವೇದಕದ ಪ್ರತಿಕ್ರಿಯೆ ಮಂದವಾಗುತ್ತದೆ. ವೇಗದ ಕ್ಯಾಮೆರಾಗೆ ಇದು ಒಗ್ಗದು.

ಸೀಸ ಮತ್ತು ಹಾಲೈಡ್ (ಅಯೋಡೈಡ್‌ನಂತಹ ಅಯಾನು) ಇರುವ ಸ್ಫಟಿಕಗಳಾದ ಹಾಲೈಡ್ ಪೆರೋವ್‌ಸ್ಕೈಟ್‌ಗಳಲ್ಲೂ ಹಾಲೈಡ್ ಕಳೆದುಹೋದ ಜಾಗಗಳೇ ತೊಂದರೆಯ ಮೂಲವಾಗಿದ್ದು, ಪಿರಿಡಿನ್‌ನಂತಹ ಎಲೆಕ್ಟ್ರಾನ್ ಜೋಡಿ ನೀಡುವ ಅಣುಗಳು ಅಲ್ಲಿ ತೆರೆದುಕೊಂಡ ಸೀಸಕ್ಕೆ ಬಂಧವಾಗುತ್ತವೆ.

ಸೀಸ ವಿಷಕಾರಿಯಾದ್ದರಿಂದ ಅದಿಲ್ಲದ ಇಂಡಿಯಮ್ ಆರ್ಸೆನೈಡ್ ಚುಕ್ಕೆಗಳತ್ತ ಈಗ ಗಮನ ಹರಿದಿದೆ. ಆರ್ಸೆನಿಕ್ ಕೂಡ ನಿರಪಾಯಕಾರಿಯಲ್ಲ; ಅದರ ಜೊತೆಗೆ, ಆ ಕಣಗಳ ಮೇಲ್ಮೈ ಸುಲಭವಾಗಿ ಆಕ್ಸೈಡ್ ಆಗುವುದರಿಂದ, ಆ ಪೊರೆಯನ್ನು ಮೊದಲು ತೆಗೆದು ಬಳಿಕವೇ ಸೂಕ್ತ ಅಣುಗಳನ್ನು ಕೂರಿಸಬೇಕಾಗುತ್ತದೆ.