ಖೋಲಿಯ ಪಡಿ, ಹೊಲದ ಉಳ್ಳಾಗಡ್ಡಿ

ಕೇಳುಗರೆ, ನಮಸ್ಕಾರ.

ಮುಂಬಯಿಯ ಉಪನಗರಗಳ ಕೂಲಿ ನಾಕಾಗಳಲ್ಲಿ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಕರಣೆ, ಪುಟ್ಟಿ ಹಿಡಿದು ಗುತ್ತಿಗೆದಾರನ ದಾರಿ ಕಾಯುವ ಇವರಲ್ಲಿ ಹಲವರ ಅಣ್ಣತಮ್ಮಂದಿರು ಊರಿನಲ್ಲಿ ಉಳ್ಳಾಗಡ್ಡಿ ಬೆಳೆಯುತ್ತಾರೆ. ದಿಲ್ಲಿಯಿಂದ ಹೊರಡುವ ಪಡಿತರದ ಆದೇಶವೂ ರಫ್ತಿನ ಅಧಿಸೂಚನೆಯೂ ಕೊನೆಗೆ ಬಂದು ಮುಟ್ಟುವುದು ಇಂಥ ಒಂದೇ ಮನೆತನವನ್ನು. ಮೊದಲನೆಯದು ಇಲ್ಲಿನ ಖೋಲಿಯನ್ನು, ಎರಡನೆಯದು ಅಲ್ಲಿನ ಹೊಲವನ್ನು.

ಪಡಿತರದ ಮಾತನ್ನು ಮೊದಲು ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲಬೇಕು. 2023ರ ಜನವರಿಯಿಂದ ಅದು ಪೂರ್ತಿ ಉಚಿತ. ಆದರೆ ಕಾರ್ಡು ಊರಿನ ಅಂಗಡಿಗೆ ಗಂಟು ಬಿದ್ದಿದ್ದಷ್ಟು ಕಾಲ ಮುಂಬಯಿಗೆ ಬಂದವನಿಗೆ ಅದರಿಂದ ಪ್ರಯೋಜನವಿರಲಿಲ್ಲ. 2020ರ ಜನವರಿ 1ರಂದು ಕರ್ನಾಟಕ, ಮಹಾರಾಷ್ಟ್ರ, ಗೋವಾ ಸೇರಿದಂತೆ 12 ರಾಜ್ಯಗಳು ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಒಳಪಟ್ಟ ಮೇಲೆ ಆ ಗಂಟು ಸಡಿಲವಾಯಿತು. ಈಗ ತನ್ನ ಪಾಲನ್ನು ಮುಂಬಯಿಯಲ್ಲಿ ಪಡೆದು, ತಾಯಿತಂದೆಯ ಪಾಲನ್ನು ಊರಿನಲ್ಲೇ ಬಿಡಲು ಸಾಧ್ಯ. ಇದು ಸಣ್ಣ ಉಪಕಾರವಲ್ಲ.

ತೊಡಕು ಇರುವುದು ಬೆರಳಿನಲ್ಲಿ. ನನ್ನ ಪರಿಚಯದ ಗೌಂಡಿಯೊಬ್ಬರು ಪಡಿತರ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳನ್ನು ಮೂರು ಸಲ ಒತ್ತಿ, ಅಂಗಿಗೆ ಒರೆಸಿಕೊಂಡು ನಾಲ್ಕನೆಯ ಸಲ ಒತ್ತಿ, ಕೊನೆಗೆ ನನ್ನ ಕಡೆ ತಿರುಗಿ, “ಅಣ್ಣಾರ, ಸಿಮಿಟು ಬೆರಳಿನ ಗೆರಿ ತಿಂದದ, ಮಿಷನ್ನು ಗುರ್ತ ಹಿಡಿವಲ್ದು” ಎಂದರು. ಆ ದಿನ ಅವರ ಚೀಲ ಖಾಲಿಯೇ ಮರಳಿತು, ಕೂಲಿಯೂ ಹೋಗಿತ್ತು.

ಇನ್ನೊಂದು ಮಿತಿಯೂ ಉಂಟು. ಬೇರೆ ರಾಜ್ಯದಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ, ತವರು ರಾಜ್ಯ ತನ್ನದಾಗಿ ಸೇರಿಸುವ ಪಾಲಲ್ಲ. 2023ರ ಜೂನ್‌ನಲ್ಲಿ ಕೇಂದ್ರವು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ, ಕರ್ನಾಟಕವು ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಕುಟುಂಬದ ಖಾತೆಗೆ ಹಾಕತೊಡಗಿತು. ಖಾತೆಗೆ ಬಿದ್ದ ಹಣವನ್ನು ಧಾರಾವಿಯಲ್ಲಿಯೂ ತೆಗೆಯಬಹುದಿತ್ತು. 2025ರ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡತೊಡಗಿದಾಗ ಊರಿನಲ್ಲಿದ್ದವರಿಗೆ ಸಮಾಧಾನವಾಯಿತು, ಆದರೆ ಇಲ್ಲಿರುವವರ ಆ ಪಾಲು ರಾಜ್ಯದ ಗಡಿಯಾಚೆಯೇ ಉಳಿಯಿತು.

ಇನ್ನು ಹೊಲ. 2023ರಲ್ಲಿ ಕರ್ನಾಟಕದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಆಗಸ್ಟ್‌ನಲ್ಲಿ ಈರುಳ್ಳಿಯ ರಫ್ತಿಗೆ ಶೇಕಡ 40 ಸುಂಕ ಬಿತ್ತು. ಮಳೆ ಕೈಕೊಟ್ಟರೂ ಹೇಗೋ ಉಳಿದ ಮುಂಗಾರು ಬೆಳೆ ಸೊಲ್ಲಾಪುರದ ಪೇಟೆಗೂ ವಿಜಯಪುರದ ಪೇಟೆಗೂ ಬರುತ್ತಿದ್ದ ದಿನಗಳಲ್ಲೇ, ಡಿಸೆಂಬರ್ 8ರಿಂದ, ರಫ್ತನ್ನು ಪೂರ್ತಿ ನಿಷೇಧಿಸಲಾಯಿತು. ನಿಷೇಧ ತೆರವಾದದ್ದು 2024ರ ಮೇ ತಿಂಗಳಿನಲ್ಲಿ, ಅದೂ ಟನ್ನಿಗೆ 550 ಡಾಲರ್ ಕನಿಷ್ಠ ರಫ್ತು ಬೆಲೆ ಮತ್ತು ಶೇಕಡ 40ರ ಸುಂಕದೊಡನೆ. ಸೆಪ್ಟೆಂಬರ್‌ನಲ್ಲಿ ಸುಂಕ ಶೇಕಡ 20ಕ್ಕೆ ಇಳಿದು, 2025ರ ಏಪ್ರಿಲ್ 1ರಂದು ಇಲ್ಲವಾಯಿತು. ನಿಷೇಧದಿಂದ ವಾಶಿಯ ಮಾರುಕಟ್ಟೆಯಲ್ಲಿ ದರ ತಗ್ಗಿದಾಗ ನಾಕಾದ ತಮ್ಮನಿಗೆ ಕಿಲೋಗೆ ಕೆಲವು ರೂಪಾಯಿ ಉಳಿದಿರಬಹುದು. ಅತ್ತ ಊರಿನ ಅಣ್ಣನಿಗೆ ಬೀಜ, ಗೊಬ್ಬರ, ಕೀಳುವ ಕೂಲಿ, ಗೋಣಿಚೀಲ, ಲಾರಿ ಬಾಡಿಗೆ ಯಾವುದೂ ತಗ್ಗಲಿಲ್ಲ. ತಮ್ಮ ಉಳಿಸಿದ್ದಕ್ಕಿಂತ ಹೆಚ್ಚನ್ನು ಊರಿಗೆ ಕಳಿಸಬೇಕಾಗಿ ಬಂದರೆ ಆ ಅಗ್ಗ ಯಾರಿಗೆ ಅಗ್ಗ?

ಪೇಟೆಯ ಗ್ರಾಹಕನನ್ನು ಕಾಯಬಾರದೆಂದು ನಾನು ಹೇಳುತ್ತಿಲ್ಲ. ಮಾಟುಂಗದ ನಮ್ಮ ಉಡುಪಿ ಹೋಟೆಲುಗಳ ಗಲ್ಲಾದಲ್ಲಿ ಕುಳಿತವರೂ ಈರುಳ್ಳಿಯ ದರವನ್ನು ದಿನವೂ ವಿಚಾರಿಸುತ್ತಾರೆ. ಅವರಿಗೆ ಎಣ್ಣೆಯ ಚಿಂತೆ ಬೇರೆ. ಸೋಯಾಬೀನ್ ದರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 4,892 ರೂಪಾಯಿಗಿಂತ ಕೆಳಗಿಳಿದಿದ್ದಾಗ, 2024ರ ಸೆಪ್ಟೆಂಬರ್‌ನಲ್ಲಿ, ಕಚ್ಚಾ ಖಾದ್ಯತೈಲದ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇಕಡ 20ಕ್ಕೆ ಏರಿಸಲಾಯಿತು. ಬೀದರಿನ ರೈತನಿಗೆ ಆಸರೆಯಾಗಲೆಂದು ಬಂದ ಈ ಏರಿಕೆ ವಡೆಯ ಬಾಣಲೆಗೆ ದುಬಾರಿಯಾಯಿತು. ಇದರಲ್ಲಿ ಕಡೆಯ ಪಕ್ಷ ಬೆಳೆಗಾರನ ಕಡೆ ಕಣ್ಣಿತ್ತು. 2025ರ ಮೇ ಕೊನೆಯಲ್ಲಿ, ಇನ್ನೇನು ಮುಂಗಾರು ಬಿತ್ತನೆ ಶುರುವಾಗಬೇಕು ಎನ್ನುವಾಗ, ಅದೇ ಸುಂಕವನ್ನು ಶೇಕಡ 10ಕ್ಕೆ ಇಳಿಸಿದರು.

ನನ್ನ ತಕರಾರು ಸುಂಕದ ಮೇಲಲ್ಲ, ಅದು ಬರುವ ಹೊತ್ತಿನ ಮೇಲೆ. ಬಿತ್ತುವ ಮೊದಲೇ ಈ ಹಂಗಾಮಿನಲ್ಲಿ ರಫ್ತು ಇರುವುದೋ ಇಲ್ಲವೋ ಎಂದು ತಿಳಿದರೆ ಅಣ್ಣ ಎರಡು ಎಕರೆಯ ಬದಲು ಒಂದೇ ಎಕರೆ ಉಳ್ಳಾಗಡ್ಡಿ ಹಾಕಿ, ಉಳಿದದ್ದಕ್ಕೆ ತೊಗರಿ ಬಿತ್ತಿಯಾನು. ಕಿತ್ತು, ದಂಟು ಕೊಯ್ದು, ಚೀಲಕ್ಕೆ ತುಂಬಿದ ಮೇಲೆ ಅಧಿಸೂಚನೆ ಹೊರಟರೆ ಅವನು ಮಾಡುವುದೇನು? ನಾಕಾದಲ್ಲಿರುವ ತಮ್ಮನಿಗೆ ಫೋನು ಮಾಡುತ್ತಾನೆ, ಅಲ್ಲಿ ಇನ್ನೊಬ್ಬನಿಗೆ ಕೆಲಸ ಸಿಕ್ಕೀತೇ ಎಂದು ಕೇಳುತ್ತಾನೆ.