ಸುಳ್ಳಾದರೇನು, ಎಚ್ಚರಿಕೆ ತಾನೇ?

ನಮಸ್ಕಾರ, ಡೊಂಬಿವಲಿಯಿಂದ ಮಾತನಾಡುತ್ತಿದ್ದೇನೆ. ಕಳೆದ ವಾರ ಇಲ್ಲಿನ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಧ್ವನಿಸಂದೇಶ ಬಂತು. ಮಕ್ಕಳ ಕಳ್ಳರು ಬಂದಿದ್ದಾರಂತೆ, ಎಲ್ಲರಿಗೂ ತಿಳಿಸಬೇಕಂತೆ. ಯಾವ ಊರು? ಹೇಳಿಲ್ಲ. ಯಾವ ದಿನ? ಹೇಳಿಲ್ಲ. ಯಾವ ಠಾಣೆಯಲ್ಲಿ ದೂರು? ಅದೂ ಇಲ್ಲ. ಮರುದಿನವೇ ನಮ್ಮ ಕಟ್ಟಡದ ಗೇಟಿನಲ್ಲಿ, ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸನ್ನು ತಡೆದು ಗಂಟು ಬಿಚ್ಚಿಸಿದರು. ಈ ಬಗ್ಗೆ ನಾನು ವಿಡಿಯೊ ಮಾಡಿದರೆ ಹಿರಿಯರೊಬ್ಬರ ಪ್ರತಿಕ್ರಿಯೆ: “ಸುಳ್ಳಾದರೇನು, ಎಚ್ಚರಿಕೆ ತಾನೇ? ಯಾರಿಗೇನು ನಷ್ಟ?”

ಯಾರಿಗೆ ನಷ್ಟ ಎಂದು ಹೇಳುತ್ತೇನೆ, ಕೇಳಿ ರಾಯರೇ. 2018ರ ಜುಲೈ 1, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ. ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಡವರಿ ಗೋಸಾವಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂದು ಜನ ಬಡಿದು ಕೊಂದರು. ಅವರಲ್ಲಿ ಹೆಚ್ಚಿನವರು ಮಂಗಳವೇಢೆಯ ಕಡೆಯವರು. ಬಸವಣ್ಣ ಕರಣಿಕನಾಗಿ ಲೆಕ್ಕ ಬರೆದ ಊರು ಅದು! ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬ ಸತ್ತ. ಅವನ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪ. ಇದೂ ಎಚ್ಚರಿಕೆಯೇ?

ಆಗ ಊರೂರು ಸುತ್ತಿದ ವಿಡಿಯೊ ನೆನಪಿದೆಯೇ? ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿಯೇ ಮಾಡಿದ ಜಾಗೃತಿ ಚಿತ್ರ. ಕೊನೆಗೆ ಅವರೇ ಮಗುವನ್ನು ಮರಳಿ ತಂದು ಬಿಡುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದರು, ಉಳಿದದ್ದನ್ನು ನಾವು ಹಂಚಿದೆವು. ಊರಿಲ್ಲ, ದಿನವಿಲ್ಲ, ಠಾಣೆಯಿಲ್ಲ!

“ಪೊಲೀಸರು ಮುಚ್ಚಿಡುತ್ತಾರೆ” ಎನ್ನುತ್ತಾರೆ ಇನ್ನೊಬ್ಬರು. ಮಗು ಕಳೆದುಕೊಂಡ ತಾಯಿಯೂ ಮುಚ್ಚಿಡುತ್ತಾಳೆಯೇ? ನಿಜವಾಗಿ ಕಾಣೆಯಾದ ಮಗುವಿಗೆ ಹೆಸರಿರುತ್ತದೆ, ಅಪ್ಪ ಅಮ್ಮ ಇರುತ್ತಾರೆ. ಭಯವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ತುರ್ತು ಸಂಖ್ಯೆ 112ಕ್ಕೆ ಮಾಡಿ. ಇನ್ನೂರು ಜನರ ಗುಂಪಿಗೆ ಏಕೆ ಎಸೆಯುತ್ತೀರಿ?

ಆ ಸಾವುಗಳ ನಂತರವೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದೆಂದು ಮಿತಿ ಹಾಕಿತು. 2020ರಲ್ಲಿ, ಬಹಳ ಕೈ ದಾಟಿ ಬಂದದ್ದನ್ನು ಒಂದೇ ಕಡೆ ಎಂದಿತು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಕೂಡ ಇರುತ್ತದೆ. ನಮ್ಮ ಗುಂಪಿಗೆ ಬಂದ ಧ್ವನಿಯ ಮೇಲೂ ಇತ್ತು. ಯಾರೂ ನೋಡಲಿಲ್ಲ!

ಎಚ್ಚರಿಕೆಯಂತೆ! ಊರು ಹೇಳದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಅಲ್ಲ ಎಂದರೆ ಅಲ್ಲ! ಚಾನೆಲ್‌ಗೆ ಚಂದಾದಾರರಾಗಿ, ಇದನ್ನು ನಿಮ್ಮ ಮನೆಯ ಗುಂಪಿಗೂ ಕಳಿಸಿ. ಇದರಲ್ಲಿ ಊರೂ ಇದೆ, ದಿನವೂ ಇದೆ. ರಾಯರೇ, ಭಾನುವಾರ ಸಂಜೆ ಏಳಕ್ಕೆ ನೇರಪ್ರಸಾರವಿದೆ, ನೀವೂ ಬನ್ನಿ. ಆ ಧ್ವನಿ ಯಾರದೆಂದು ಹೇಳಿ. ಆ ಪಾತ್ರೆಯ ಹೆಂಗಸು ಅಂದಿನಿಂದ ನಮ್ಮ ಬೀದಿಗೆ ಬಂದಿಲ್ಲ.